ಬೆನ್ನಿಗೆ ಬಣ್ಣ ಹಚ್ಚಿದ ಪುಸ್ತಕಗಳು: ಐದಕ್ಕೆ ಎರಡು ನಕ್ಷತ್ರ

ತೀರ್ಥಹಳ್ಳಿ ಕಡೆಯ ಖಾಸಗಿ ಶಾಲೆಯೊಂದರಲ್ಲಿ ನಾನು ಗ್ರಂಥಪಾಲಕಿ. ಕಳೆದ ವರ್ಷ ನಮ್ಮ ಆಡಳಿತ ಮಂಡಳಿ ಪ್ರತಿ ಪುಸ್ತಕಕ್ಕೂ ಪ್ರತಿ ಮಗುವಿಗೂ ಓದಿನ ಮಟ್ಟ ಗೊತ್ತುಮಾಡುವ ಒಂದು ಕಂಪನಿಯ ಕಾರ್ಯಕ್ರಮಕ್ಕೆ ಚಂದಾ ಕಟ್ಟಿತು.

ಪದ್ಧತಿಯ ಮೂಲ ಅಮೆರಿಕ. ಅಲ್ಲಿ 1980ರ ದಶಕದಿಂದ ನಡೆದುಬಂದಿರುವ ಆಕ್ಸಿಲರೇಟೆಡ್ ರೀಡರ್‌ನಲ್ಲಿ ಮಗು ಪುಸ್ತಕ ಓದಿ, ಕಂಪ್ಯೂಟರ್ ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ ಅಂಕ ಗಳಿಸುತ್ತದೆ. ಪುಸ್ತಕದ ಮಟ್ಟ ನಿರ್ಧಾರವಾಗುವುದು ವಾಕ್ಯದ ಉದ್ದ, ಪದದ ಉದ್ದ, ಪದದ ಕಾಠಿಣ್ಯಗಳ ಲೆಕ್ಕದಿಂದ. ನಮ್ಮಲ್ಲಿಗೆ ಬಂದದ್ದೂ ಅದೇ ಜಾತಿಯದು.

ಮಟ್ಟಕ್ಕೊಂದು ಬಣ್ಣ. ಪುಸ್ತಕಗಳ ಬೆನ್ನಿಗೆ ಆಯಾ ಬಣ್ಣದ ಚೀಟಿ ಅಂಟಿಸಿ, ವಿಷಯವಾರು ಇದ್ದ ಕಪಾಟುಗಳನ್ನು ಬಣ್ಣವಾರು ಮಾಡಿದೆವು. ಹಕ್ಕಿಗಳ ಪುಸ್ತಕಗಳು ನಾಲ್ಕು ದಿಕ್ಕಿಗೆ ಚದುರಿದವು. ಆಷಾಢದ ತೇವಕ್ಕೆ ಚೀಟಿಗಳು ಅಂಟು ಬಿಟ್ಟು ಉದುರಿದಾಗ ನನಗೇನೂ ದುಃಖವಾಗಲಿಲ್ಲ. ಆಗುಂಬೆ ಕಡೆಯ ಆರನೇ ತರಗತಿಯ ಹುಡುಗನೊಬ್ಬ ಕಾಳಿಂಗ ಸರ್ಪದ ಇಂಗ್ಲಿಷ್ ಪುಸ್ತಕ ಕೇಳಿದ. ಅವನ ಮಟ್ಟ ಹಸಿರು, ಪುಸ್ತಕದ್ದು ಕೆಂಪು. ತಂತ್ರಾಂಶ ಎರವಲು ನಿರಾಕರಿಸಿತು. “ಮಿಸ್, ಚಿತ್ರ ನೋಡಿ ನಾಳೆಯೇ ಕೊಡುತ್ತೇನೆ” ಎಂದ. ಹಳೆಯ ರಿಜಿಸ್ಟರ್ ತೆಗೆದು ನನ್ನ ಹೆಸರಿನಲ್ಲಿ ಬರೆದು ಕೊಟ್ಟೆ. ಅಂಕದ ಆಸೆಯವರು ಮಾತ್ರ ತೆಳ್ಳನೆಯ ಪುಸ್ತಕಗಳನ್ನೇ ಆರಿಸಿ ಒಯ್ಯುತ್ತಿದ್ದರು.

ಹೆಚ್ಚು ಪೆಟ್ಟು ಬಿದ್ದದ್ದು ಕನ್ನಡಕ್ಕೆ. ಕನ್ನಡ ಪುಸ್ತಕಗಳಿಗೆ ಮಟ್ಟವೂ ಇಲ್ಲ, ಪ್ರಶ್ನೆಗಳೂ ಇಲ್ಲ, ಆದ್ದರಿಂದ ಅಂಕವೂ ಇಲ್ಲ. ಆ ಕಪಾಟಿನ ಮುಂದೆ ಮಕ್ಕಳು ನಿಲ್ಲುವುದನ್ನೇ ಬಿಟ್ಟರು. ಆಡಳಿತ ಮಂಡಳಿಗೆ ಹೊಸ ಪುಸ್ತಕಗಳ ಪಟ್ಟಿ ಒಯ್ದರೆ “ಇದಕ್ಕೆ ಕ್ವಿಜ್ ಇದೆಯೇ?” ಎಂಬುದೇ ಮೊದಲ ಪ್ರಶ್ನೆ. ಇಂಗ್ಲಿಷಿನ ಸೂತ್ರವನ್ನು ಹಾಗೇ ತಂದರೂ ಪ್ರಯೋಜನವಿಲ್ಲ. ಪ್ರತ್ಯಯಗಳು ಕೂಡಿಕೊಂಡು ನಮ್ಮ ಪದಗಳು ಸಹಜವಾಗಿಯೇ ಉದ್ದ; ಎಳೆಯ ಓದುಗರು ಎಡವುವುದು ಒತ್ತಕ್ಷರಗಳಲ್ಲಿ.

ಎರಡು ನಕ್ಷತ್ರ ಯಾಕೆಂದರೆ, ಗಟ್ಟಿಯಾಗಿ ಸರಾಗ ಓದುತ್ತಿದ್ದ ಎಂಟನೆಯ ತರಗತಿಯ ಕೆಲವರಿಗೆ ಅರ್ಥವೇ ಹತ್ತುತ್ತಿಲ್ಲ ಎಂಬುದು ಅದರ ವರದಿಯಿಂದಲೇ ತಿಳಿಯಿತು. ಮಟ್ಟವೇ ಬೇಡ ಎಂದು ನಾನು ಹೇಳುವುದಿಲ್ಲ. ಪ್ರಥಮ್ ಬುಕ್ಸ್‌ನ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಒಂದನೇ ಹಂತದವು ಆಗತಾನೇ ಓದಲು ಕಲಿಯುವವರಿಗೆ ಬಹಳ ಒಳ್ಳೆಯವು. ಆದರೆ ಹಂತ ಗೊತ್ತಿರಬೇಕಾದದ್ದು ಪುಸ್ತಕ ಕೊಡುವವರಿಗೆ. ಬೆನ್ನಿಗೆ ಅಂಟಿಸಿದರೆ ಯಾರ ಓದು ಎಷ್ಟೆಂದು ಇಡೀ ತರಗತಿಗೆ ಕಾಣುತ್ತದೆ. ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘದ ಆಕ್ಷೇಪವೂ ಇದೇ.

ಚಂದಾ ಕಟ್ಟುವ ಶಾಲೆಯವರು ಮೊದಲೇ ಎರಡು ಮಾತು ಕೇಳಿಕೊಳ್ಳಿ: ಎರವಲಿನ ತಡೆಯನ್ನು ತೆಗೆಯಬಹುದೇ? ಮಟ್ಟವನ್ನು ಬೆನ್ನಿಗೆ ಅಂಟಿಸದೆ ಗ್ರಂಥಾಲಯದ ಪುಸ್ತಕ ಸೂಚಿಯಲ್ಲಷ್ಟೇ ಇಡಬಹುದೇ? ನಮ್ಮ ಕಂಪನಿ ಮೊದಲನೆಯದಕ್ಕೆ ಒಪ್ಪಿದೆ, ಎರಡನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.