ಕೋಡ್ ನೋಡಿ ಎಬಿಎಸ್ ಯೂನಿಟ್ ಬದಲಿಸಲು ಒಪ್ಪಬೇಡಿ, ಮೊದಲು ಮೋಟಾರ್ ಓಡಿಸಿ ತೋರಿಸಿ ಅನ್ನಿ

ಕಾರಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿದವರು ದಯವಿಟ್ಟು ಇದನ್ನು ಓದಿ. ಬೇಡದ ಕೆಲಸಕ್ಕೆ ನನ್ನಿಂದ 40 ಸಾವಿರಕ್ಕೂ ಜಾಸ್ತಿ ಬಿಲ್ ವಸೂಲಿ ಮಾಡಿದರು.

ನಾವಿರುವುದು ಉಡುಪಿ ಕಡೆ. ಮಳೆಗಾಲದಲ್ಲಿ ದೀಪ ಹತ್ತಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು, ಸಿ0110 ಕೋಡ್ ಬಂತು, ಅಂದರೆ ಎಬಿಎಸ್ ಪಂಪ್ ಮೋಟಾರ್ ಸರ್ಕ್ಯೂಟಿನಲ್ಲಿ ದೋಷ. "ಪಂಪ್ ಮೋಟಾರ್ ಹೋಗಿದೆ ಸರ್, ಅದೊಂದೇ ಸಿಗಲ್ಲ, ಇಡೀ ಯೂನಿಟ್ ಹಾಕ್ಬೇಕು" ಅಂದರು. ಬೇರೆ ಯಾವ ಪರೀಕ್ಷೆಯೂ ಇಲ್ಲ. ಹೊಸ ಯೂನಿಟ್ ಹಾಕಿಸಿ ಮನೆ ಮುಟ್ಟುವ ಮೊದಲೇ ದೀಪ ಮತ್ತೆ ಹತ್ತಿತು. ಜೊತೆಗೆ ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಯೂನಿಟ್ ಒಳಗಿನ ಗಾಳಿ ತೆಗೆಯಲು ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್‌ನಿಂದಲೇ ಬ್ಲೀಡಿಂಗ್ ಮಾಡಬೇಕು. ಅದನ್ನೂ ಅವರು ಮಾಡಿರಲಿಲ್ಲ. ದುಡ್ಡು ಹೋದದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಇದಕ್ಕೆ. ಆ ಕಾರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದೆ.

ಆಮೇಲೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಕೋಡ್ ಓದಿ ಸುಮ್ಮನಾಗಲಿಲ್ಲ. ಸ್ಕ್ಯಾನರ್‌ನಲ್ಲಿ ಆಕ್ಟಿವ್ ಟೆಸ್ಟ್ ತೆರೆದು ಪಂಪ್ ಮೋಟಾರ್ ಆನ್ ಮಾಡಿದರು. ಸರಿಯಿದ್ದರೆ ಒಂದೆರಡು ಸೆಕೆಂಡ್ ಗುರ್ರ್ ಅಂತ ಸದ್ದು ಕೇಳಬೇಕು. ಇಲ್ಲಿ ಸದ್ದೇ ಇಲ್ಲ. ಹೊಸ ಮೋಟಾರೂ ಓಡದಿದ್ದರೆ ತೊಂದರೆ ಬೇರೆ ಕಡೆ ಇರಬೇಕು, ಅಲ್ವಾ? ದೊಡ್ಡ ಫ್ಯೂಸ್ ನೋಡಿದರು, ಸರಿ ಇತ್ತು. ಬ್ಯಾಟರಿಯ ಮೈನಸ್‌ಗೂ ಯೂನಿಟ್‌ನ ಅರ್ತ್ ವೈರಿಗೂ ನಡುವೆ ಮಲ್ಟಿಮೀಟರ್ ಹಿಡಿದು ಟೆಸ್ಟ್ ಮತ್ತೆ ಕೊಟ್ಟರು. ಹೆಚ್ಚುಕಮ್ಮಿ ಸೊನ್ನೆ ಬರಬೇಕಾದ ಕಡೆ ಹಲವು ವೋಲ್ಟ್ ತೋರಿಸಿತು. ಬ್ಯಾಟರಿ ಟ್ರೇ ಕೆಳಗಿನ ಅರ್ತ್ ಬೋಲ್ಟ್ ಪೂರ್ತಿ ತುಕ್ಕು! ಮೋಟಾರ್ ಎಳೆಯುವ ಕರೆಂಟ್ ಜಾಸ್ತಿ, ತುಕ್ಕು ಹಿಡಿದ ಬೋಲ್ಟ್ ಅಷ್ಟನ್ನು ಬಿಡುವುದಿಲ್ಲ. ಉಜ್ಜಿ, ಬಿಗಿ ಮಾಡಿ, ಟೆಸ್ಟ್ ಕೊಟ್ಟ ಕೂಡಲೇ ಮೋಟಾರ್ ಓಡಿತು. ಆಮೇಲೆ ಬ್ಲೀಡಿಂಗ್ ಮಾಡಿಕೊಟ್ಟರು, ಪೆಡಲ್ಲೂ ಗಟ್ಟಿಯಾಯಿತು.

ನನ್ನ ಹಳೆ ಯೂನಿಟ್ ಸರಿಯೇ ಇತ್ತು ಅನ್ನುವುದರಲ್ಲಿ ನನಗೆ ಈಗ ಅನುಮಾನವೇ ಇಲ್ಲ. ಕೇಳಿದರೆ ಗ್ಯಾರೇಜಿನವರು "ಗುಜರಿಗೆ ಹೋಯ್ತು" ಅಂದರು. ಹಾಗಾಗಿ ಬಿಚ್ಚಿದ ಸಾಮಾನು ವಾಪಸ್ ಬೇಕು ಅಂತ ಮೊದಲೇ ಹೇಳಿಡಿ. ಸಿ0110 ಬಂದ ಮಾತ್ರಕ್ಕೆ ಮೋಟಾರ್ ಸುಟ್ಟಿದೆ ಎಂದಲ್ಲ. ಫ್ಯೂಸ್, ರಿಲೇ, ವೈರ್, ಅರ್ತ್ ಯಾವುದು ಕೆಟ್ಟರೂ ಅದು ಬರಬಹುದು. ನಿಮ್ಮೆದುರೇ ಮೋಟಾರ್ ಓಡಿಸಿ ತೋರಿಸಿ ಅನ್ನಿ. ಒಲ್ಲೆ ಅಂದರೆ ಬೇರೆ ಕಡೆ ಹೋಗಿ.

ಮನೆಯಲ್ಲೇ ನೋಡುತ್ತೇನೆ ಅನ್ನುವವರಿಗೆ ಒಂದು ಮಾತು. ಅಗ್ಗದ ಬ್ಲೂಟೂತ್ ಓಬಿಡಿ ರೀಡರ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಮೋಟಾರ್ ಓಡಿಸಲು ನಿಮ್ಮ ಕಾರಿಗೆ ಆಕ್ಟಿವ್ ಟೆಸ್ಟ್ ಕೊಡುವ ಸ್ಕ್ಯಾನರೇ ಬೇಕು. ಗಾಡಿ ನಿಂತಿರಬೇಕು, ಬ್ಯಾಟರಿ ಚಾರ್ಜ್ ಚೆನ್ನಾಗಿರಬೇಕು. ಟೆಸ್ಟನ್ನು ಒಂದರ ಹಿಂದೆ ಒಂದು ಕೊಡಬೇಡಿ, ಮೋಟಾರ್ ಬಿಸಿಯಾಗುತ್ತದೆ.

ಎಬಿಎಸ್ ದೀಪ ಒಂದೇ ಹತ್ತಿದ್ದರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ನಿಧಾನವಾಗಿ ಗ್ಯಾರೇಜ್ ಮುಟ್ಟಬಹುದು. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಓಡಿಸಲೇಬೇಡಿ, ಟೋ ಮಾಡಿಸಿ.