ಪಂಚಾಯ್ತಿ ಲೆಕ್ಕ ಕೇಳುವ ಸಂಸತ್ ಸಮಿತಿ ವರದಿಗಳು: 5ಕ್ಕೆ 3 ಅಂಕ

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸ್ಥಾಯಿ ಸಮಿತಿಯ ವರದಿಗಳು ಸಂಸತ್ತಿನ ವೆಬ್‌ಸೈಟಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಊರಿಗೆ ಬರಬೇಕಾದ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ತಲೆ ಕೆಡಿಸಿಕೊಳ್ಳುವವರು ಇದನ್ನು ಓದಲೇಬೇಕು.

ಸಮಿತಿಯಲ್ಲಿ 31 ಜನ. ಲೋಕಸಭೆಯಿಂದ 21, ರಾಜ್ಯಸಭೆಯಿಂದ 10, ಬೇರೆ ಬೇರೆ ಪಕ್ಷದವರು ಇರುತ್ತಾರೆ. ಟಿವಿಯಲ್ಲಿ ಕಾಣುವ ಕೂಗಾಟ ಈ ವರದಿಗಳಲ್ಲಿ ಇಲ್ಲ.

ಹೊಸದಾಗಿ ಓದುವವರು ಸುಮ್ನೆ ಬಜೆಟ್ ವರದಿಗೆ ಕೈ ಹಾಕಬೇಡಿ, 'ಕ್ರಮ ಕೈಗೊಂಡ ವರದಿ' ತೆಗೆಯಿರಿ. ಸಮಿತಿಯ ಹಿಂದಿನ ಶಿಫಾರಸುಗಳಿಗೆ ಸರ್ಕಾರ ಏನು ಮಾಡಿತು ಅಂತ ಹೇಳುವ ವರದಿ ಇದು. ಅದರಲ್ಲಿ ಐದು ಅಧ್ಯಾಯ. ಎರಡನೆಯದರಲ್ಲಿ ಸರ್ಕಾರ ಒಪ್ಪಿಕೊಂಡ ಶಿಫಾರಸುಗಳು, ಮೂರನೆಯದರಲ್ಲಿ ಸಮಿತಿಯೇ ಕೈಬಿಟ್ಟವು. ನೀವು ನೇರ ನಾಲ್ಕಕ್ಕೆ ಹೋಗಿ. ಸಚಿವಾಲಯ ಕೊಟ್ಟ ಉತ್ತರ ಸಮಿತಿಗೆ ಒಪ್ಪಿಗೆಯಾಗದ ಶಿಫಾರಸುಗಳೆಲ್ಲ ಅಲ್ಲಿರುತ್ತವೆ. ಪ್ರಶ್ನೆ, ಉತ್ತರ ಎರಡೂ ಒಟ್ಟಿಗೆ ಇರೋದರಿಂದ ಯಾರು ನುಣುಚಿಕೊಂಡರು ಅನ್ನೋದು ತಾನಾಗಿ ಗೊತ್ತಾಗುತ್ತೆ. ಐದರಲ್ಲಿ ಇನ್ನೂ ಕೊನೆಯ ಉತ್ತರ ಬಾರದವು. ನಾನಂತೂ ಮೊದಲು ಓದೋದು ಈ ಎರಡನ್ನೇ.

ಕೊರತೆಯೂ ದೊಡ್ಡದೇ. ಪಂಚಾಯತ್ ಅನ್ನೋದು ರಾಜ್ಯ ಪಟ್ಟಿಯ ವಿಷಯ, ಅಂದರೆ ಸಂವಿಧಾನದ ಪ್ರಕಾರ ರಾಜ್ಯಗಳಿಗೆ ಸೇರಿದ್ದು. ಸಮಿತಿ ಜೋರು ಮಾಡಬಹುದಾದದ್ದು ಕೇಂದ್ರ ಸಚಿವಾಲಯವನ್ನು, ನಮ್ಮ ಜಿಲ್ಲಾ ಪಂಚಾಯ್ತಿಯನ್ನಲ್ಲ. ಶಿಫಾರಸು ಪಾಲಿಸಲೇಬೇಕು ಅಂತ ಕಾನೂನೂ ಇಲ್ಲ. ಕರ್ನಾಟಕವನ್ನೇ ನೋಡಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಚುನಾಯಿತ ಸಂಸ್ಥೆ ಇಲ್ಲದ ಕಡೆ 15ನೇ ಹಣಕಾಸು ಆಯೋಗದ (ಕೇಂದ್ರದ ದುಡ್ಡು ಹೇಗೆ ಹಂಚಬೇಕು ಅಂತ ಹೇಳುವ ಆಯೋಗ) 2021-26ರ ಅನುದಾನ ಕೊಡುವಂತಿಲ್ಲ ಅನ್ನೋದು ನಿಯಮವಾಗಿತ್ತು, ಅಂದರೆ ಪೆಟ್ಟು ಬೀಳೋದು ಹಳ್ಳಿಯವರಿಗೇ ಅಲ್ವಾ? ಇದಕ್ಕೆ ಜವಾಬು ಕೇಳಬೇಕಾದದ್ದು ಬೆಂಗಳೂರಲ್ಲಿ. ನಮ್ಮ ವಿಧಾನಮಂಡಲದಲ್ಲೂ ಸ್ಥಳೀಯ ಸಂಸ್ಥೆಗಳು ಮತ್ತು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಅಂತಲೇ ಒಂದು ಸಮಿತಿ ಇದೆ. ಅದರ ಬಗ್ಗೆ ಜನ ಮಾತಾಡೋದೇ ಕಡಿಮೆ.

ಒಂದು ಅಂಕ ಕಳೆದದ್ದು ಸಭೆಗಳು ಬಾಗಿಲು ಮುಚ್ಚಿ ನಡೆಯುತ್ತವೆ ಅನ್ನೋದಕ್ಕೆ. ಇನ್ನೊಂದು ಭಾಷೆಗೆ. ವರದಿ ಬರೋದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಗ್ರಾಮ ಪಂಚಾಯ್ತಿ ಸದಸ್ಯರಿಗೆ ತಮ್ಮದೇ ದುಡ್ಡಿನ ವಿಚಾರ ಕನ್ನಡದಲ್ಲಿ ಸಿಗದಿದ್ದರೆ ಹೇಗೆ? ಪೂರ್ತಿ ವರದಿ ಬೇಡ, ಶಿಫಾರಸುಗಳ ಹಾಳೆಗಳನ್ನಾದರೂ ಕನ್ನಡಕ್ಕೆ ತಂದು ಪಂಚಾಯ್ತಿ ಕಚೇರಿಗಳಿಗೆ ಕಳಿಸಲಿ.