ಮಕ್ಕಳಿಗೆ ಮೊದಲು ಯಾವ ಮರ: ಕಾಡುಬಾದಾಮಿಯೋ, ಹೊಳೆಮತ್ತಿಯೋ, ಕರಿಮತ್ತಿಯೋ?

ಹುಬ್ಬಳ್ಳಿ-ಧಾರವಾಡದ ಉದ್ಯಾನಗಳಲ್ಲಿ ಮಕ್ಕಳಿಗೆ ಮರ ಗುರುತಿಸಲು ಕಲಿಸೋಕೆ ಈ ಮೂರು ಸಾಕು, ಮೂರೂ ಒಂದೇ ಕುಲದವು.

ಸುಲಭದಲ್ಲಿ ಕಾಡುಬಾದಾಮಿ ಮುಂದು. ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡ ಚಾಚುತ್ತವೆ, ಉದುರುವ ಮುನ್ನ ಅಗಲ ಎಲೆ ಕೆಂಪಾಗುತ್ತದೆ. ಕಾಯಿ ಒಡೆದು ಬೀಜ ತಿನ್ನಲೂಬಹುದು. ಚಿಕ್ಕ ಮಕ್ಕಳಿದ್ದರೆ ಇದೇ.

ತೊಗಟೆ ಮುಟ್ಟಿ ನೋಡಿಸುವುದಾದರೆ ಮತ್ತಿಗಳು. ಕರಿಮತ್ತಿಯದು ಕಪ್ಪು, ಮೊಸಳೆ ಚರ್ಮದಂತೆ ಚೌಕ ಚೌಕವಾಗಿ ಬಿರಿದಿರುತ್ತದೆ. ಹೊಳೆಮತ್ತಿಯದು ನುಣುಪು, ಬೂದು-ಬಿಳುಪು, ಹಾಳೆಯಂತೆ ಏಳುತ್ತದೆ. ಬಿರುಕು ಆಳವಾಗಿರದ ಮರ ಮೋಸ ಮಾಡುತ್ತದೆ. ಆಗ ಬುಡದಲ್ಲಿ ಬಿದ್ದ ಕಾಯಿ ಹೆಕ್ಕಿ. ಎರಡಕ್ಕೂ 5 ರೆಕ್ಕೆ. ಕರಿಮತ್ತಿಯ ರೆಕ್ಕೆಯಲ್ಲಿ ಗೆರೆಗಳು ನೇರ ಅಡ್ಡ ಹೋಗುತ್ತವೆ, ಹೊಳೆಮತ್ತಿಯಲ್ಲಿ ಮೇಲಕ್ಕೆ ಬಾಗುತ್ತವೆ. ಹೈಸ್ಕೂಲ್ ಮಕ್ಕಳಾದರೆ ಭೂತಗನ್ನಡಿ ಕೊಟ್ಟು ಇಲ್ಲಿಂದಲೇ ಶುರುಮಾಡಿ.